ಜಲವಿಭಾಜಕ: ಧಾರವಾಡದ ನೆಲದಲ್ಲೊಂದು ಏಣು

ಧಾರವಾಡದ ಸೋಮೇಶ್ವರ ಗುಡಿಯ ಬಳಿ ಹುಟ್ಟುವ ಶಾಲ್ಮಲೆಯನ್ನು ಅಲ್ಲಿ ಹೊಳೆ ಎನ್ನಲು ಮನಸ್ಸಾಗುವುದಿಲ್ಲ. ಹುಲ್ಲಿನ ನಡುವೆ ಸರಿಯುವ ನೀರಿನ ಎಳೆ ಅದು. ಒಂದೇ ಹೆಜ್ಜೆಗೆ ದಾಟಬಹುದು. ಅದೇ ಎಳೆ ಕಲಘಟಗಿಯ ಕಡೆ ಇಳಿದು ಬೇಡ್ತಿಯನ್ನು ಸೇರುತ್ತದೆ. ಬೇಡ್ತಿ ಯಲ್ಲಾಪುರದ ಹತ್ತಿರ ಮಾಗೋಡಿನಲ್ಲಿ ಸುಮಾರು 200 ಮೀಟರ್ ಕೆಳಕ್ಕೆ ಧುಮುಕಿ, ಗಂಗಾವಳಿ ಎನ್ನಿಸಿಕೊಂಡು, ಅಂಕೋಲಾ ಮತ್ತು ಗೋಕರ್ಣದ ನಡುವೆ ಅರಬ್ಬೀ ಸಮುದ್ರಕ್ಕೆ ಬೀಳುತ್ತದೆ.

ಬೆಣ್ಣಿಹಳ್ಳದ ದಾರಿಯೇ ಬೇರೆ. ಶಿಗ್ಗಾವಿ ತಾಲ್ಲೂಕಿನ ದುಂಡಶಿಯ ಕಡೆ ಹುಟ್ಟುವ ಈ ಹಳ್ಳ ಎರೆಹೊಲಗಳ ನಡುವೆ ಈಶಾನ್ಯಕ್ಕೆ ಹರಿದು ಮಲಪ್ರಭೆಯನ್ನು ಕೂಡುತ್ತದೆ. ಕೂಡಲಸಂಗಮದಲ್ಲಿ ಮಲಪ್ರಭೆ ಕೃಷ್ಣೆಗೆ, ಕೃಷ್ಣೆ ಬಂಗಾಳ ಕೊಲ್ಲಿಗೆ. ಇಳಿಜಾರು ಕಡಿಮೆ, ಮಳೆ ಜೋರಾದರೆ ಬೆಣ್ಣಿಹಳ್ಳ ಮುಂದೆ ಓಡುವ ಬದಲು ಹೊಲಗಳಿಗೇ ನುಗ್ಗುತ್ತದೆ.

ಈ ಎರಡು ನೀರನ್ನು ಬೇರೆ ಮಾಡುವ ನೆಲದ ಏಣೇ ಜಲವಿಭಾಜಕ. ಇದನ್ನು ಜಲಾನಯನದೊಂದಿಗೆ, ಅಂದರೆ ಒಂದು ಹೊಳೆಗೆ ನೀರು ಹರಿದುಬರುವ ಇಡೀ ನೆಲದೊಂದಿಗೆ, ಕಲಸಿಬಿಡುವವರಿದ್ದಾರೆ. ಬೋಗುಣಿ ಜಲಾನಯನವಾದರೆ ಅದರ ಅಂಚು ಜಲವಿಭಾಜಕ.

ಸಹ್ಯಾದ್ರಿಯ ನೆತ್ತಿಯೇ ಜಲವಿಭಾಜಕ ಎಂದು ಶಾಲೆಯಲ್ಲಿ ಕಲಿತಿದ್ದೆವು. ಬಹುಮಟ್ಟಿಗೆ ನಿಜ, ಆದರೆ ನಮ್ಮ ಕಡೆ ಆ ಮಾತು ನಿಲ್ಲುವುದಿಲ್ಲ. ಮಲಪ್ರಭೆ ಹುಟ್ಟುವ ಖಾನಾಪುರ ತಾಲ್ಲೂಕಿನ ಕಣಕುಂಬಿ ಧಾರವಾಡಕ್ಕಿಂತ ಎಷ್ಟೋ ಪಶ್ಚಿಮಕ್ಕಿದೆ. ಆದರೂ ಆ ನೀರು ಮೂಡಣಕ್ಕೆ ಹರಿಯುತ್ತದೆ. ಸಮುದ್ರದಿಂದ ಇನ್ನಷ್ಟು ದೂರದಲ್ಲಿ ಹುಟ್ಟುವ ಶಾಲ್ಮಲೆ ಪಡುವಣಕ್ಕೆ ಹೋಗುತ್ತದೆ! ಪಡುವಣದ ಹೊಳೆಗಳಿಗೆ ಸಮುದ್ರ ಹತ್ತಿರ, ಇಳಿಜಾರು ಕಡಿದು. ಹಾಗಾಗಿ ಅವು ಬಂಡೆಯನ್ನು ಬಲವಾಗಿ ಕೊರೆಯುತ್ತ ತಮ್ಮ ತಲೆಯನ್ನು ಒಳನಾಡಿಗೆ ಚಾಚುತ್ತವೆ, ಏಣೂ ಹಿಂದೆ ಸರಿಯುತ್ತದೆ. ಧಾರವಾಡದ ಸುತ್ತ ಅದು ಎಷ್ಟು ತಗ್ಗಾಗಿದೆಯೆಂದರೆ ಬಸ್ಸಿನಲ್ಲಿ ಕುಳಿತವರಿಗೆ ದಾಟಿದ್ದು ಗೊತ್ತೇ ಆಗುವುದಿಲ್ಲ.

ನರಗುಂದ, ನವಲಗುಂದದ ರೈತರ ಕಳಸಾ–ಬಂಡೂರಿ ಹೋರಾಟದ ಒಳಗಿರುವುದೂ ಇದೇ ಏಣು. ಪಡುವಣಕ್ಕೆ ಹೋಗುವ ಮಹದಾಯಿ ಕೊಳ್ಳದ ಎರಡು ಹಳ್ಳಗಳ ನೀರನ್ನು ಏಣು ದಾಟಿಸಿ ಮಲಪ್ರಭೆಗೆ ತನ್ನಿ ಎನ್ನುವುದು ಅವರ ಬೇಡಿಕೆ. 2018ರಲ್ಲಿ ನ್ಯಾಯಮಂಡಳಿ ಇದಕ್ಕೆ 3.90 ಟಿಎಂಸಿ ಹಂಚಿತು. ಜಲವಿಭಾಜಕ ಎಂದರೇನೆಂದು ತಿಳಿಯದೆ ಆ ರೈತರ ಸಂಕಟ ಅರ್ಥವಾಗದು.

ಅವಳಿ ನಗರದ ನಲ್ಲಿಗಳಲ್ಲಿ ನೀರು ಆಗಲೇ ಏಣು ಹತ್ತುತ್ತಿದೆ. ನವಿಲುತೀರ್ಥದ ಜಲಾಶಯದಿಂದ ಮಲಪ್ರಭೆಯ ನೀರನ್ನು ಪಂಪುಗಳು ಧಾರವಾಡಕ್ಕೆ ಎತ್ತುತ್ತವೆ. ಪಡುವಣ ಇಳಿಜಾರಿನ ಮನೆಯೊಂದರಲ್ಲಿ ಪಾತ್ರೆ ತೊಳೆದು ಚೆಲ್ಲಿದರೆ, ಬಂಗಾಳ ಕೊಲ್ಲಿಗೆ ಹೊರಟಿದ್ದ ಆ ನೀರು ಗಂಗಾವಳಿಯ ದಾರಿ ಹಿಡಿಯುತ್ತದೆ.