ಟ್ಯೂಬ್‌ಲೈಟಿಗೆ ಮುತ್ತಿದ ರೆಕ್ಕೆ ಹುಳು: ಮನೆಗೆ ಗೆದ್ದಲು ಹಿಡಿಯಿತೇ?

ಪ್ರಶ್ನೆ: ಮೊನ್ನೆ ಮಳೆ ನಿಂತ ಮೇಲೆ ಹಾಲ್‌ನ ಟ್ಯೂಬ್‌ಲೈಟಿಗೆ ನೂರಾರು ರೆಕ್ಕೆ ಹುಳು ಮುತ್ತಿದವು. ಬೆಳಿಗ್ಗೆ ಎದ್ದು ನೋಡಿದರೆ ನೆಲದ ತುಂಬ ಬರೀ ರೆಕ್ಕೆ. ಇವು ಗೆದ್ದಲಂತೆ, ಹೌದೇ? ಬಾಗಿಲು, ಬೀರು ಎಲ್ಲ ಹಾಳಾಗುತ್ತವೆಯೇ?

ಉತ್ತರ: ಬಹುಮಟ್ಟಿಗೆ ಗೆದ್ದಲೇ. ಈಸಲು ಹುಳ, ಮಳೆಹುಳ ಎಂದು ಹಳ್ಳಿಗಳಲ್ಲಿ ಕರೆಯುವುದು ಇದನ್ನೇ. ಹಿಡಿದು, ಹುರಿದು ತಿನ್ನುವವರೂ ಉಂಟು. ಗಾಬರಿಯಾಗುವ ಮೊದಲು ಒಂದು ವಿಷಯ ನೆನಪು ಮಾಡಿಕೊಳ್ಳಿ: ಹುಳು ಕಿಟಕಿಯಿಂದ ಒಳಗೆ ಬಂದವೋ, ಮನೆಯೊಳಗಿಂದಲೇ ಎದ್ದವೋ?

ಗುರುತು ಹಿಡಿಯುವುದು ಕಷ್ಟವಲ್ಲ. ರೆಕ್ಕೆ ಬಂದ ಇರುವೆಗಳೂ ಮಳೆಯ ನಂತರ ಹಾರುವುದರಿಂದ ಗೊಂದಲ. ಇರುವೆಯ ಸೊಂಟ ದಾರ ಬಿಗಿದಂತೆ ಸಣ್ಣ, ಗೆದ್ದಲಿಗೆ ಸೊಂಟವೇ ಇಲ್ಲ. ಇರುವೆಯ ಮೀಸೆ ಮೊಣಕೈಯಂತೆ ಮಡಚಿರುತ್ತದೆ, ಗೆದ್ದಲಿನದು ಮಣಿ ಪೋಣಿಸಿದಂತೆ. ಗೆದ್ದಲಿನ 4 ರೆಕ್ಕೆಗಳೂ ಒಂದೇ ಅಳತೆಯವು, ಮೈಗಿಂತ ಉದ್ದ. ಇರುವೆಯ ಮುಂದಿನ ಜೋಡಿ ದೊಡ್ಡದು, ಹಿಂದಿನದು ಚಿಕ್ಕದು. ನಿಮ್ಮ ಮನೆಯ ನೆಲದಲ್ಲಿ ಉದುರಿದ ರೆಕ್ಕೆಗಳು ಸರಿಸಮ ಇದ್ದರೆ ಸಂಶಯ ಬೇಡ.

ಹಾರುವ ಈ ಹುಳುಗಳು ನಿಮ್ಮ ಬೀರುವನ್ನು ತಿನ್ನುವುದಿಲ್ಲ. ಮರ ಕೊರೆಯುವುದು ರೆಕ್ಕೆಯಿಲ್ಲದ ಕೆಲಸಗಾರ ಗೆದ್ದಲು. ಹಾರುವವು ಮುಂದೆ ರಾಜ, ರಾಣಿ ಆಗಬೇಕಾದವು. ರೆಕ್ಕೆ ಕಳಚಿ, ಜೋಡಿಯಾಗಿ ಒಂದರ ಹಿಂದೊಂದು ಹರಿದು, ಒದ್ದೆ ಮಣ್ಣಿನಲ್ಲಿ ಗೂಡು ಹೂಡಬೇಕು. ಹಲ್ಲಿ, ಕಪ್ಪೆ, ಹಕ್ಕಿ, ಇರುವೆಗಳ ಬಾಯಿಂದ ತಪ್ಪಿಸಿಕೊಳ್ಳುವವೇ ಬೆರಳೆಣಿಕೆಯಷ್ಟು. ಟೈಲ್ಸ್ ನೆಲದ ಮೇಲೆ ಬಿದ್ದವು ಅಲ್ಲಿಯೇ ಒಣಗಿ ಸಾಯುತ್ತವೆ. ಅದಕ್ಕೇ ಹೊರಗಿನಿಂದ ಬಂದ ಹಿಂಡಿಗೆ ಪೊರಕೆ ಸಾಕು, ಸ್ಪ್ರೇ ದಂಡ.

ಬಾಗಿಲ ಚೌಕಟ್ಟು, ಗೋಡೆಯ ಬಿರುಕು, ಬಚ್ಚಲಿನ ಮೂಲೆಯಿಂದ ಸಾಲಾಗಿ ಎದ್ದಿದ್ದರೆ ಮಾತ್ರ ಕಥೆ ಬೇರೆ. ಗೂಡು ಹೂಡಿ ಕೆಲವು ವರ್ಷ ಬಲಿಯದೆ ರೆಕ್ಕೆಯ ಹುಳು ಹೊರಡುವುದಿಲ್ಲ. ಅಂದರೆ ಸಂಸಾರ ಹಳೆಯದು, ನಿಮಗೆ ಈಗ ಗೊತ್ತಾಯಿತು ಅಷ್ಟೆ. ಟಾರ್ಚ್ ಹಿಡಿದು ಗೋಡೆಯ ಬುಡ, ಬೀರುವಿನ ಹಿಂಬದಿ, ಅಟ್ಟದ ರಟ್ಟಿನ ಡಬ್ಬ ನೋಡಿ. ಮಣ್ಣಿನ ಸಾಲು ಕಂಡರೆ ಬೆರಳುದ್ದ ಒಡೆದು ಬಿಡಿ. ಕೆಲವೇ ದಿನಗಳಲ್ಲಿ ಮತ್ತೆ ಕಟ್ಟಿಕೊಂಡರೆ ಒಳಗೆ ಓಡಾಟ ಇದೆ ಎಂದೇ ಅರ್ಥ. ಚೌಕಟ್ಟನ್ನು ಬಡಿದಾಗ ಟೊಳ್ಳು ಸದ್ದು ಬಂದರೂ ಅದೇ. ಮಣ್ಣಿಲ್ಲದೆ ಕುರ್ಚಿಯ ಕೆಳಗೆ ಗಸಗಸೆಯಂಥ ಕಾಳು ಉದುರುತ್ತಿದ್ದರೆ ಅದು ಒಣಮರದ ಗೆದ್ದಲು. ಅದಕ್ಕೆ ಮಣ್ಣೇ ಬೇಡ, ಆ ಮರಕ್ಕೇ ಮದ್ದಾಗಬೇಕು.

ಮಣ್ಣಿನ ಗೆದ್ದಲಿಗೆ ಸೀಮೆಎಣ್ಣೆ ಸುರಿದು ಸಮಾಧಾನ ಪಡುವವರನ್ನು ಬೇಕಾದಷ್ಟು ನೋಡಿದ್ದೇನೆ. ಮೇಲಿನ ನಾಲ್ಕು ಹುಳು ಸಾಯುತ್ತವೆ, ನೆಲದಡಿಯ ರಾಣಿ ಮೊಟ್ಟೆ ಇಡುತ್ತಲೇ ಇರುತ್ತದೆ. ಗೋಡೆಯ ಬುಡದುದ್ದಕ್ಕೂ ತೂತು ಕೊರೆದು ಮಣ್ಣಿಗೇ ಮದ್ದು ಇಳಿಸಬೇಕು. ಕಟ್ಟಿದ ಮನೆಗಳಿಗೆ ಈ ಕೆಲಸ ಹೇಗಿರಬೇಕೆಂದು ಭಾರತೀಯ ಮಾನಕ 6313ರ 3ನೇ ಭಾಗ ಹೇಳುತ್ತದೆ. ಬಂದವರನ್ನು ಅದರ ಪ್ರಕಾರ ಮಾಡುತ್ತೀರಾ ಎಂದು ಕೇಳಿ, ಯಾವ ಮದ್ದೆಂದು ಬಿಲ್ಲಿನಲ್ಲಿ ಬರೆಸಿ. ಹತ್ತಿರ ಬಾವಿ ಇದ್ದರೆ ಮೊದಲೇ ತಿಳಿಸಿ.

ಮುಂದಿನ ಮಳೆ ಸಂಜೆಗೆ: ಮುಸ್ಸಂಜೆಯಲ್ಲಿ ಕಿಟಕಿ ಮುಚ್ಚಿ, ಒಳಗಿನ ದೀಪ ಆರಿಸಿ. ಅಂಗಳದಲ್ಲಿ ಒಂದು ಬಲ್ಬ್ ಹಾಕಿ ಅದರಡಿ ಅಗಲವಾದ ಪಾತ್ರೆಯಲ್ಲಿ ನೀರಿಡಿ. ಅಜ್ಜಿಯರ ಉಪಾಯ, ಈಗಲೂ ಕೆಲಸ ಮಾಡುತ್ತದೆ. ಹಾರಾಟ ಸಾಮಾನ್ಯವಾಗಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಗೋಡೆಗೊರಗಿಸಿದ ಸೌದೆ, ಹಳೆ ಹಲಗೆಗಳನ್ನು ಮಳೆಗಾಲಕ್ಕೆ ಮೊದಲೇ ದೂರ ಸಾಗಿಸಿ.