ಗಡ್ಡೆ ಎದೆಯಲ್ಲಿ, ಪರೀಕ್ಷೆ ಲಿವರ್‌ಗೆ ಯಾಕೆ?

"ಡಾಕ್ಟ್ರೇ, ಗಡ್ಡೆ ಇರೋದು ಎದೆಯಲ್ಲಿ. ಪ್ರತಿ ಸಲ ಲಿವರ್ ಟೆಸ್ಟ್ ಯಾಕೆ ಬರೀತೀರಿ?" ಕೀಮೋ ವಾರ್ಡಿನಲ್ಲಿ ಈ ಪ್ರಶ್ನೆ ಕೇಳದ ವಾರವಿಲ್ಲ. ನ್ಯಾಯವಾದ ಪ್ರಶ್ನೆ.

ರೋಗಿಗಳು ‘ಕೆಂಪು ಔಷಧಿ’ ಎನ್ನುವ ಡಾಕ್ಸೋರುಬಿಸಿನ್ ಡಿಎನ್‌ಎ ಏಣಿಯ ಮೆಟ್ಟಿಲುಗಳ ನಡುವೆ ನುಸುಳಿ ಕೂರುತ್ತದೆ. ಜೀವಕೋಶ ಒಡೆದು ಎರಡಾಗಬೇಕಾದರೆ ಡಿಎನ್‌ಎ ನಕಲಾಗಬೇಕು. ಆಗ ಬೀಳುವ ಸಿಕ್ಕು ಬಿಡಿಸಲು ಟೋಪೋಐಸೋಮರೇಸ್-2 ಎಂಬ ಕಿಣ್ವ ಎಳೆಗಳನ್ನು ಕತ್ತರಿಸಿ ಮತ್ತೆ ಬೆಸೆಯುತ್ತದೆ. ಈ ಔಷಧಿ ಕತ್ತರಿಸಲು ಬಿಟ್ಟು, ಬೆಸೆಯಲು ಬಿಡುವುದಿಲ್ಲ. ಸದಾ ನಕಲು ಮಾಡುತ್ತಲೇ ಇರುವ ಗಡ್ಡೆಗೆ ಇದೇ ಮಾರಕ.

ಲಿವರ್ ಕಥೆ ಬೇರೆ. ವಯಸ್ಕರ ಲಿವರ್ ಕೋಶಗಳು ಸಾಮಾನ್ಯವಾಗಿ ವಿಭಜನೆಯಾಗುವುದೇ ಅಪರೂಪ. ಇಲಿಯ ಲಿವರಿನ ಮೂರನೇ ಎರಡು ಭಾಗ ಕತ್ತರಿಸಿದರೆ ಮಾತ್ರ ಉಳಿದ ಕೋಶಗಳು ಎಚ್ಚೆತ್ತು, ಸುಮಾರು 24 ಗಂಟೆಯಲ್ಲಿ ಡಿಎನ್‌ಎ ತಯಾರಿಕೆ ಶಿಖರ ಮುಟ್ಟುತ್ತದೆ. ಹಾಗೆಂದು ಲಿವರ್ ಸುಮ್ಮನೆ ಕೂತಿಲ್ಲ. ರಕ್ತದ ಪ್ರೋಟೀನ್ ಆಲ್ಬುಮಿನ್, ರಕ್ತ ಹೆಪ್ಪುಗಟ್ಟಿಸುವ ಅಂಶಗಳು ಎಲ್ಲಕ್ಕೂ ಹಗಲಿರುಳು ಆರ್‌ಎನ್‌ಎ, ಅಂದರೆ ಡಿಎನ್‌ಎಯಲ್ಲಿನ ಸೂಚನೆಯ ನಕಲು, ಬರೆಯುತ್ತಿರುತ್ತದೆ.

ಆಕ್ಟಿನೋಮೈಸಿನ್-ಡಿ ಎಂಬ ಇನ್ನೊಂದು ಕೀಮೋ ಔಷಧಿ ತಡೆಯುವುದು ಈ ಬರವಣಿಗೆಯನ್ನೇ. ವಿಜ್ಞಾನಿಗಳಾದ ವಾಕ್ಸ್‌ಮನ್ ಮತ್ತು ವುಡ್‌ರಫ್ 1940ರಲ್ಲಿ ಮಣ್ಣಿನ ಸೂಕ್ಷ್ಮಜೀವಿಯಿಂದ ಆಕ್ಟಿನೋಮೈಸಿನ್ ತೆಗೆದರು. ಅದು ಡಿಎನ್‌ಎ ಏಣಿಯ ಒಂದು ಬಗೆಯ ಮೆಟ್ಟಿಲಾದ ಗ್ವಾನಿನ್-ಸೈಟೋಸಿನ್ ಜೋಡಿಗಳ ಬಳಿ ಗಟ್ಟಿಯಾಗಿ ಅಂಟುತ್ತದೆ. ಆರ್‌ಎನ್‌ಎ ಬರೆಯುವ ಕಿಣ್ವ ಆರ್‌ಎನ್‌ಎ ಪಾಲಿಮರೇಸ್ ಅಲ್ಲಿಗೆ ಬಂದು ನಿಂತುಬಿಡುತ್ತದೆ. ಅತ್ಯಲ್ಪ ಪ್ರಮಾಣದಲ್ಲೇ ರೈಬೋಸೋಮಿನ (ಕೋಶದೊಳಗೆ ಪ್ರೋಟೀನ್ ತಯಾರಿಸುವ ಯಂತ್ರದ) ಆರ್‌ಎನ್‌ಎ ತಯಾರಿಕೆ ಮೊದಲು ನಿಲ್ಲುತ್ತದೆ. ಅಂದರೆ ಇದರ ಪೆಟ್ಟು ತಿನ್ನಲು ಕೋಶ ವಿಭಜನೆಯಾಗುತ್ತಿರಲೇಬೇಕೆಂದಿಲ್ಲ.

ಮಕ್ಕಳ ಮೂತ್ರಪಿಂಡದ ವಿಲ್ಮ್ಸ್ ಗಡ್ಡೆಗೆ ಇದನ್ನು ಕೊಡುವಾಗ ನಾನು ಮಗುವಿನ ತೂಕವನ್ನು ಬಹಳ ಜಾಗ್ರತೆಯಿಂದ ನೋಡುತ್ತೇನೆ. ಲಿವರಿನ ಸೂಕ್ಷ್ಮ ರಕ್ತನಾಳಗಳ ಒಳಪದರ ಹಾಳಾಗಿ ಅವು ಕಟ್ಟಿಕೊಂಡರೆ ತೂಕ ದಿಢೀರನೆ ಏರುತ್ತದೆ, ಹೊಟ್ಟೆ ಉಬ್ಬುತ್ತದೆ, ಬಲ ಪಕ್ಕೆಯ ಕೆಳಗೆ ನೋಯುತ್ತದೆ. ಬಲ ಮೂತ್ರಪಿಂಡದ ಗಡ್ಡೆಗೆ ರೇಡಿಯೇಷನ್ ಕೊಟ್ಟಾಗ ಲಿವರಿಗೂ ಕಿರಣ ತಾಗುವುದರಿಂದ ಅಪಾಯ ಹೆಚ್ಚು. "ಮಗು ದಪ್ಪಗಾಗಿದೆ" ಎಂದು ತಾಯಿ ಖುಷಿಪಟ್ಟರೂ ನಾನು ಹೊಟ್ಟೆ ಮುಟ್ಟಿ ನೋಡದೆ ಬಿಡುವುದಿಲ್ಲ.

ಇನ್ನು ಕೆಂಪು ಔಷಧಿ. ಅದು ದೇಹದಿಂದ ಹೊರಹೋಗುವ ಮುಖ್ಯ ದಾರಿ ಪಿತ್ತರಸ. ದಾರಿ ಕಟ್ಟಿದರೆ ಔಷಧಿ ರಕ್ತದಲ್ಲೇ ಉಳಿದು ಅಸ್ಥಿಮಜ್ಜೆಯನ್ನು ಸುಡುತ್ತದೆ. ಅದಕ್ಕೇ ಲಿವರ್ ಪಿತ್ತರಸದ ಮೂಲಕ ಹೊರಹಾಕುವ ಹಳದಿ ವಸ್ತು ಬಿಲಿರುಬಿನ್ 100 ಮಿ.ಲೀ. ರಕ್ತದಲ್ಲಿ 1.2ರಿಂದ 3 ಮಿ.ಗ್ರಾಂ. ಇದ್ದರೆ ಅರ್ಧ ಡೋಸ್, 5ರವರೆಗೆ ಕಾಲು ಡೋಸ್, ಅದಕ್ಕೂ ಮೇಲಾದರೆ ಕೊಡುವುದೇ ಇಲ್ಲ.

ಔಷಧಿ ಪಡೆದ ಒಂದೆರಡು ದಿನ ಮೂತ್ರ ಕೆಂಪಾದರೆ ಗಾಬರಿ ಬೇಡ, ಅದು ಔಷಧಿಯದೇ ಬಣ್ಣ. ಕಣ್ಣು ಹಳದಿಯಾದರೆ ಮಾತ್ರ ಮುಂದಿನ ಸರದಿಗೆ ಕಾಯದೆ ಬನ್ನಿ. ಜೊತೆಗೆ ಕಷಾಯವೋ ಪುಡಿಯೋ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡಬೇಡಿ. ನಾನು ಬೈಯುವುದಿಲ್ಲ, ಡೋಸ್ ಲೆಕ್ಕ ಹಾಕಲು ಅದು ನನಗೆ ಗೊತ್ತಿರಬೇಕು.