ಫ್ಲವರ್ ಕಾರ್ವೆಟ್: ಅಗ್ಗದ ಹಡಗು, ಸರಿಯಾದ ಲೆಕ್ಕ

ಹಡಗಿನ ಎಂಜಿನ್ ರೂಮಿನಲ್ಲೇ ದುಡಿಯುವ ನನಗೆ ಎರಡನೇ ಮಹಾಯುದ್ಧದ ದೈತ್ಯ ಯುದ್ಧನೌಕೆಗಳಿಗಿಂತ ಸರಕು ಹಡಗುಗಳನ್ನು ಸಬ್‌ಮರೀನ್‌ಗಳಿಂದ ಕಾಯುತ್ತಿದ್ದ ಬ್ರಿಟನ್ನಿನ ಸಣ್ಣ ಯುದ್ಧನೌಕೆಗಳಾದ ಫ್ಲವರ್ ಕಾರ್ವೆಟ್‌ಗಳ ಮೇಲೆ ಗೌರವ ಜಾಸ್ತಿ. ಅಗ್ಗ ಅಂದ್ರೆ ಕಳಪೆ ಅಂತ ಸುಮ್ನೆ ಅಂದುಬಿಡ್ತೀವಿ, ಅಲ್ವಾ? ಇಲ್ಲಿ ಹಾಗಿರಲಿಲ್ಲ.

1939ರಲ್ಲಿ ಬ್ರಿಟನ್ನಿಗೆ ಬೆಂಗಾವಲು ಹಡಗುಗಳು ಬೇಗ ಬೇಕಿದ್ದವು. ಡೆಸ್ಟ್ರಾಯರ್ ಎಂಬ ವೇಗದ ಯುದ್ಧನೌಕೆ ಕಟ್ಟಬಲ್ಲ ಯಾರ್ಡ್‌ಗಳಿಗೆ ಕೈತುಂಬ ಕೆಲಸವಿತ್ತು. ಸ್ಮಿತ್ಸ್ ಡಾಕ್ ಕಂಪನಿಯ ವಿಲಿಯಂ ರೀಡ್, ತಿಮಿಂಗಿಲ ಬೇಟೆಯ ಸದರ್ನ್ ಪ್ರೈಡ್ ಹಡಗನ್ನೇ ಮಾದರಿಯಾಗಿಟ್ಟುಕೊಂಡು 205 ಅಡಿ ಉದ್ದದ ವಿನ್ಯಾಸ ಮಾಡಿದರು. ಸರಕು ಹಡಗು ಕಟ್ಟುವ ಸಣ್ಣ ಯಾರ್ಡ್‌ಗಳಿಗೂ ಅದು ಸಾಧ್ಯವಿತ್ತು. ಎಂಜಿನ್ ಒಂದೇ, ಪ್ರೊಪೆಲ್ಲರ್ ಒಂದೇ. ಟರ್ಬೈನ್ ಬಿಟ್ಟು 2,750 ಅಶ್ವಶಕ್ತಿಯ ಹಳೇ ಕಾಲದ ಪಿಸ್ಟನ್ ಸ್ಟೀಮ್ ಎಂಜಿನ್ ಹಾಕಿದರು. ಇದು ನನಗೆ ತುಂಬಾ ಇಷ್ಟವಾದ ನಿರ್ಧಾರ, ಯಾಕಂದ್ರೆ ವ್ಯಾಪಾರಿ ಹಡಗಿನಿಂದ ಬಂದ ಎಂಜಿನಿಯರ್‌ಗೆ ಆ ಎಂಜಿನ್ ಮೊದಲೇ ಗೊತ್ತಿತ್ತು, ಹೊಸದಾಗಿ ಏನೂ ಕಲಿಸಬೇಕಿರಲಿಲ್ಲ.

ಕಷ್ಟ ಬಿದ್ದದ್ದು ನಾವಿಕರ ಮೇಲೆ. ಅಟ್ಲಾಂಟಿಕ್‌ನಲ್ಲಿ ಈ ಹಡಗು ವಿಪರೀತ ಹೊಯ್ದಾಡುತ್ತಿತ್ತು. ಮೊದಲ ಹಡಗುಗಳಲ್ಲಿ ಅಡುಗೆಮನೆ ಹಿಂದೆ, ನಾವಿಕರು ಮಲಗುವ ಜಾಗ ಮುಂದೆ, ನಡುವೆ ತೆರೆದ ಡೆಕ್. ಅಲೆ ಬಂದು ಬಡಿಯುವ ಆ ಡೆಕ್ ದಾಟಿ ಊಟದ ಪಾತ್ರೆ ಹೊತ್ತು ತರುವಷ್ಟರಲ್ಲಿ ಊಟ ಆರಿ, ಉಪ್ಪುನೀರು ಸೇರಿರುತ್ತಿತ್ತು. ಮುಂದಿನ ಎತ್ತರದ ಡೆಕ್ಕನ್ನು ಹಿಂದಕ್ಕೆ ಉದ್ದ ಮಾಡಿದ್ದು ಆಮೇಲೆ.

ವೇಗ 16 ನಾಟ್ ಮಾತ್ರ, ಅಂದರೆ ಗಂಟೆಗೆ ಸುಮಾರು 30 ಕಿ.ಮೀ. ಜರ್ಮನ್ನರ ಏಳನೇ ಮಾದರಿಯ ಸಬ್‌ಮರೀನ್ ನೀರಿನ ಮೇಲೆ ಸುಮಾರು 17 ನಾಟ್‌ನಲ್ಲಿ ಓಡುತ್ತಿತ್ತು, ಅಂದರೆ ಅದು ಮೇಲೆ ಬಂದು ಓಡಿದರೆ ಇದಕ್ಕೆ ಸಿಗುತ್ತಿರಲಿಲ್ಲ. ಮುಳುಗಿದ್ದಾಗಲೂ ಒಂದು ತೊಡಕು ಇತ್ತು. ಶಬ್ದದ ತರಂಗ ಕಳಿಸಿ ಗುರಿ ಹುಡುಕುವ ಆಸ್ಡಿಕ್ ನೋಡುತ್ತಿದ್ದದ್ದು ಮುಂದಕ್ಕೆ, ನೀರೊಳಗೆ ಸಿಡಿಯುವ ಡೆಪ್ತ್ ಚಾರ್ಜ್ ಬಾಂಬ್ ಬೀಳುತ್ತಿದ್ದದ್ದು ಹಿಂದಿನಿಂದ. ಹತ್ತಿರ ಹೋದಂತೆ ಗುರಿ ಆಸ್ಡಿಕ್‌ನಿಂದ ತಪ್ಪುತ್ತಿತ್ತು. ಕೊನೆಯ ಕೆಲವು ಕ್ಷಣ ಕ್ಯಾಪ್ಟನ್‌ಗೆ ಅಂದಾಜೇ ಗತಿ. ಮುಂದಕ್ಕೆ 24 ಬಾಂಬ್ ಎಸೆಯುವ ಹೆಡ್ಜ್‌ಹಾಗ್ ಬಂದ ಮೇಲೆ ಗುರಿಯನ್ನು ಹಿಡಿದಿಟ್ಟುಕೊಂಡೇ ಹೊಡೆಯಬಹುದಾಯಿತು.

ಹಾಗಂತ ಇವು ಸೋತ ಹಡಗುಗಳಲ್ಲ. ಸರಕು ಹಡಗುಗಳ ಪಕ್ಕದಲ್ಲಿ ಒಂದು ಕಾರ್ವೆಟ್ ಇದ್ದರೆ ಸಬ್‌ಮರೀನ್ ನೀರೊಳಗೇ ಇರಬೇಕಿತ್ತು, ಅಲ್ಲಿ ಅದರ ವೇಗ ಅರ್ಧಕ್ಕೂ ಕಡಿಮೆ. ಎಷ್ಟೋ ಸರಕು ಹಡಗುಗಳು ಉಳಿದದ್ದು ಇದರಿಂದಲೇ. ಕೆನಡಾ ನೌಕಾಪಡೆಯಂತೂ ಇವುಗಳ ಮೇಲೆಯೇ ಬೆಳೆಯಿತು, ಅವರ ಸ್ಯಾಕ್‌ವಿಲ್ ಎಂಬ ಕಾರ್ವೆಟ್ ಹಾಲಿಫ್ಯಾಕ್ಸ್ ಬಂದರಿನಲ್ಲಿ ಈಗಲೂ ಇದೆ. 1945ರಲ್ಲಿ ಅಸ್ಸಾಂ, ಸಿಂಧ್ ಮುಂತಾದ ಹೆಸರಲ್ಲಿ ಕೆಲವು ರಾಯಲ್ ಇಂಡಿಯನ್ ನೇವಿಗೂ ಬಂದವು.

ವೇಗದ ಕೊರತೆಗೂ ರೀಡ್ ಅವರೇ ದಾರಿ ಕಂಡುಕೊಂಡರು. ಉದ್ದನೆಯ ಹೊಸ ಹಡಗಿಗೆ ಅದೇ ಎಂಜಿನ್ ಎರಡು ಹಾಕಿದರು, ಸುಮಾರು 20 ನಾಟ್ ಸಿಕ್ಕಿತು. ಅದೇ ಫ್ರಿಗೇಟ್ ಎಂಬ, ಕಾರ್ವೆಟ್‌ಗಿಂತ ದೊಡ್ಡ ಬೆಂಗಾವಲು ಹಡಗಿನ ರಿವರ್ ವರ್ಗ.